ಮಾಡಿಟ್ಟ ಕಾಫಿ

ಹೆಂಡತಿ ತೀರಿಕೊಂಡ ಮೇಲೆ, ಒಬ್ಬನಿಗಾಗಿ ಫಿಲ್ಟರ್ ತುಂಬ ಡಿಕಾಕ್ಷನ್ ಯಾಕೆಂದು ಎಸ್‌ಪ್ರೆಸೊ ಮೆಷಿನ್ ತಂದೆ. ಅದು ಸಲಕ್ಕೆ ಒಂದೇ ಕಪ್ ಇಳಿಸುತ್ತಿತ್ತು.

ಅದಕ್ಕೂ ಮೊದಲಿನಿಂದ ಮೂಡಿಗೆರೆಯ ನನ್ನ ಬಾಡಿಗೆ ಮನೆಗೆ ಬರುತ್ತಿದ್ದವರು ಪಕ್ಕದ ಮನೆಯವರೊಬ್ಬರೇ. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. "ಮಾಡಿದ್ದಿದ್ರೆ ಅರ್ಧ ಲೋಟ ಕೊಡಿ" ಎನ್ನುತ್ತಲೇ ಕೂತು ಮಾತು ಶುರುಮಾಡುತ್ತಿದ್ದರು.

ನಮ್ಮ ಕಡೆ ಮಾಡಿಟ್ಟ ಕಾಫಿಯನ್ನು ಕೇಳಿ ಕುಡಿಯಬಹುದು. ತನಗಾಗಿಯೇ ಮಾಡಿಸುವುದಕ್ಕೆ ಸಂಕೋಚ. ಮೆಷಿನ್ ಬಂದ ಮೇಲೆ ಮನೆಯಲ್ಲಿ ಮಾಡಿಟ್ಟ ಕಾಫಿ ಇರುತ್ತಲೇ ಇರಲಿಲ್ಲ. ನಾನು ಸ್ವಿಚ್ ಹಾಕಿದರೆ ಅವರು ಎದ್ದುಬಿಡುತ್ತಿದ್ದರು.

"ನಂಗೊಬ್ಬಂಗೆ ಅದನ್ನ್ಯಾಕೆ ಕೂಗಿಸ್ತೀರಿ ಮಾರಾಯ್ರೆ?"

ಕ್ರಮೇಣ ಗೇಟಿನಲ್ಲೇ ಮಾತಾಡಿಸಿ ಹೋಗತೊಡಗಿದರು. ಒಂದು ಬೆಳಿಗ್ಗೆ ಮೊದಲೇ ಎರಡು ಕಪ್ ಇಳಿಸಿಟ್ಟು, "ಬನ್ನಿ, ಮಾಡಿದ್ದಿದೆ" ಎಂದು ಕರೆದೆ.

"ಮೂಲೆಮನೇಲಿ ಆಯ್ತು. ಅಲ್ಲಿ ಫಿಲ್ಟರ್ ತುಂಬ ಇತ್ತು."

ಎರಡೂ ಕಪ್ ನಾನೇ ಕುಡಿದೆ.