ನೀರಿನ ಸರದಿ

ಮೊನ್ನೆ ಮಗನ ಮನೆಯಲ್ಲಿ ಯಾರೋ ಹೊಸ ಮಡಕೆಯ ನೀರಿಗೆ ಲಾವಂಚದ ಬೇರು ಹಾಕಿದ್ದರು. ಲೋಟ ಬಾಯಿಗೆ ತರುವ ಮೊದಲೇ ಆ ವಾಸನೆ ನನ್ನನ್ನು ಎಳೆದೊಯ್ದು, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಬದಿಯ ಒಂದು ಕಲ್ಲು ಮಂಟಪದಲ್ಲಿ ಕೂರಿಸಿಬಿಟ್ಟಿತು. ನೀವೂ ಬನ್ನಿ, ಅಲ್ಲಿ ನೆರಳಿದೆ.

ನಾನು ಮಳವಳ್ಳಿಯಿಂದ ಆ ಮಂಟಪದ ಪಕ್ಕದ ಊರಿಗೆ ಸೊಸೆಯಾಗಿ ಬಂದ ಹೊಸತು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ, ಊರೂರಲ್ಲೂ ಕಬ್ಬಿನ ಮಾತೇ ಆಗಿದ್ದ ಕಾಲ. ನಮ್ಮತ್ತೆ ಕೆಂಪಮ್ಮ ಬೇಸಿಗೆ ಬಂತೆಂದರೆ ಆ ಮಂಟಪದಲ್ಲಿ ದಾರಿಹೋಕರ ಬೊಗಸೆಗೆ ನೀರು ಹುಯ್ಯುತ್ತಿದ್ದರು. ಗಾಡಿಯವರು, ಸಂತೆಗೆ ಹೊರಟವರು, ಬಸ್ಸು ಕೆಟ್ಟು ಇಳಿದವರು, ಎಲ್ಲರಿಗೂ. ಅವರ ಅತ್ತೆಯೂ ಅದನ್ನೇ ಮಾಡಿದವರಂತೆ. ನೀರು ಹೊರುವ ಕೆಲಸ ನನ್ನದು. ಅರ್ಧ ನನ್ನ ಸೀರೆಗೇ ಹೋಗುತ್ತಿತ್ತು. "ನಿನ್ ಸೀರೆಗೇ ಬಾಯಾರ್ಯದೆ ಕಣಮ್ಮಿ, ದಾರಿವೋಕ್ರು ತಡ್ಕತಾರೆ ಬುಡು" ಅನ್ನುತ್ತಿದ್ದರು.

ರಸ್ತೆ ಅಗಲ ಮಾಡುವ ಮಾತು ಬಂದಾಗ ಮಂಟಪದ ಕಲ್ಲೆಲ್ಲ ಮೋರಿಗೆ ಹೋಗುವುದರಲ್ಲಿತ್ತು. ಊರಿನವರು ಜವಾಬ್ದಾರಿ ಹೊತ್ತು ರಿಪೇರಿ ಮಾಡಿಸಿಕೊಂಡರೆ ರಸ್ತೆಯನ್ನೇ ಕೊಂಚ ಆಚೆ ಸರಿಸುತ್ತೇವೆ ಎಂದರು ಮೇಲಿನವರು. ಹಾಗೆ ಹುಟ್ಟಿತು ನಮ್ಮೂರ ಕಮಿಟಿ. ಪಟೇಲ್ ತಿಮ್ಮೇಗೌಡರು ಅಧ್ಯಕ್ಷರು, ಶಾಲೆಯ ಮೇಷ್ಟ್ರು ಕಾರ್ಯದರ್ಶಿ, ಉಳಿದವರು ತಲೆಯಾಡಿಸುವ ಸದಸ್ಯರು. ಮೇಷ್ಟ್ರು ಮಾಡಿದ ಮೊದಲ ನಿಯಮ ಇವತ್ತಿಗೂ ನನಗೆ ನಗು ತರಿಸುತ್ತದೆ: ಸಭೆ ಮಂಟಪದೊಳಗೇ ನಡೆಯಬೇಕು, ಅಧ್ಯಕ್ಷರ ಚಾಪೆ ಬಿರುಕುಬಿಟ್ಟ ಕಲ್ಲಿನ ತೊಲೆಯ ಕೆಳಗೇ ಇರಬೇಕು. ಪಟೇಲರು ಮಾತಿನ ನಡುನಡುವೆ ಕತ್ತೆತ್ತಿ ನೋಡುವರು. "ಬೇಗ ಮುಗುಸ್ರಿ ಮೇಷ್ಟ್ರೆ, ಅದು ನನ್ನೇ ನೋಡ್ತಾ ಅದೆ." ಆ ತೊಲೆಗೆ ಆಸರೆ ಕಂಬ ಬಂದಷ್ಟು ಬೇಗ ಯಾವ ಸಾರ್ವಜನಿಕ ಕೆಲಸವೂ ಆದದ್ದನ್ನು ನಾನು ಕಂಡಿಲ್ಲ.

ಆಮೇಲೆ ಮೇಷ್ಟ್ರ ಕಣ್ಣು ಹಳೆಯ ಕಂಬಗಳ ಮೇಲೆ ಬಿತ್ತು. ತಂಗಿದವರು ಒಲೆ ಹೂಡಿ ಕೆತ್ತನೆಗೆಲ್ಲ ಮಸಿ ಹಿಡಿದಿತ್ತು. ದನಗಳು ಮೈಯುಜ್ಜಿ ಮೂಲೆಗಲ್ಲು ಅಲುಗುತ್ತಿತ್ತು. ನಮ್ಮತ್ತೆಯೇನು ಕಡಿಮೆಯೇ? ಕಂಬದ ಮೇಲಿನ ಹೆಣ್ಣಿನ ಮುಖಕ್ಕೆ ದಿನಾ ಎಣ್ಣೆ ತಿಕ್ಕಿ ತಿಕ್ಕಿ ಮೂಗನ್ನೇ ಸವೆಸಿದ್ದರು. ಮೇಷ್ಟ್ರು ತೋರಿಸಿದರೆ, "ವಯಸ್ಸಾದ್ರೆ ಯಾರ್ ಮೂಗು ನೆಟ್ಗಿರ್ತದೆ ಯೋಳಿ" ಎಂದರು.

ಮೇಷ್ಟ್ರ ಸಂಕಟ ಸುಳ್ಳಲ್ಲ. ಸಭೆ ಒಪ್ಪಿತು: ಸುತ್ತ ತಂತಿ ಬೇಲಿ, ಒಂದು ಗೇಟು, ಸಭೆಯ ಹೊರತು ಯಾರೂ ಒಳಗೆ ಹೋಗಕೂಡದು. ನೀರನ್ನು ಬೇಲಿಯಾಚೆ ನಿಂತು ಕೊಡಬಹುದು. ಅವತ್ತು ಅತ್ತೆ ಮುದ್ದೆ ಮುರಿಯಲಿಲ್ಲ. "ಬಿಸ್ಲಲ್ಲಿ ನಿಲ್ಸಿ ಕೊಟ್ರೆ ಅದು ಕೊಟ್ಟಂಗಾ? ಕುಂತು, ಉಸ್ಸಪ್ಪ ಅಂದು, ಆಮೇಲ್ ಕುಡೀಬೇಕು ಕಣಮ್ಮಿ."

ಬೇಲಿ ಬಂದ ಮೇಲಿನ ಮೊದಲ ಸಭೆ. ಸುಡುಸುಡು ಮಧ್ಯಾಹ್ನ. ಅತ್ತೆ ಕೊಡ ಇಟ್ಟುಕೊಂಡು ಆಚೆಯೇ ನಿಂತರು.

"ಒಸಿ ನೀರ್ ತತ್ತಾ ಕೆಂಪಿ" ಎಂದರು ಪಟೇಲರು.

"ಒಳೀಕ್ ಬರ್ಬಾರ್ದಂತಲ್ಲ ಕಣಣ್ಣ. ನೀವೇ ಬನ್ನಿ. ನಿಂತ್ಕಂಡ್ ಕುಡುದ್ರೆ ಎಂಗಿರ್ತದೆ ನೋಡಿ."

ಸದಸ್ಯರು ಒಬ್ಬೊಬ್ಬರಾಗಿ ಬಂದು, ತಲೆಯ ಮೇಲೆ ಟವೆಲು ಎಳೆದುಕೊಂಡು ಕುಡಿದರು. ಮೇಷ್ಟ್ರೂ ಕುಡಿದರು. ಒಳಗೆ ಬಹಳ ಹೊತ್ತು ಗುಸುಗುಸು ನಡೆಯಿತು. ಕೊನೆಗೆ ಮೇಷ್ಟ್ರು ಎದ್ದು, ಕೆಂಪಮ್ಮನವರು ಬದುಕಿರುವವರೆಗೆ ಬೇಸಿಗೆಯಲ್ಲಿ ಗೇಟು ತೆರೆದಿರತಕ್ಕದ್ದು ಎಂದು ಓದಿದರು. ಗೌರವವೆಂದೇ ಮಾಡಿದ್ದರು ಪಾಪ. ಅತ್ತೆ ತಂತಿ ಹಿಡಿದು ನಿಂತೇ ಕೇಳಿದರು:

"ನಾನ್ ಸತ್ ಮ್ಯಾಲೆ ಬರೋರ್ಗೆ ಬಾಯಾರಕಿಲ್ವಾ?"

ಪಟೇಲರು ಮೀಸೆ ಎಳೆದುಕೊಂಡರು. "ಕೆಂಪಿ ಎಸ್ರು ತಗೀರಿ ಮೇಷ್ಟ್ರೆ. ನೀರ್ ಉಯ್ಯೋರು ಇರೋಗಂಟ ಅಂತ ಬರ್ಕಳಿ."

"ಹುಯ್ಯುವವರು ಯಾರು ಅಂತಲೂ ಬರೆಯಬೇಕಲ್ಲ" ಎಂದರು ಮೇಷ್ಟ್ರು. ಯಾವುದನ್ನೂ ಅರ್ಧಕ್ಕೆ ಬಿಡುವ ಜೀವವಲ್ಲ ಅದು. ಸಂಜೆಯ ಹೊತ್ತಿಗೆ ನಿಯಮವೇ ಬೇರೆಯಾಗಿತ್ತು. ಕಮಿಟಿಯಲ್ಲಿ ಇರಬೇಕೆಂದವರು ಸರದಿಯ ಮೇಲೆ ಮಂಟಪದಲ್ಲಿ ನೀರು ಹುಯ್ಯಬೇಕು, ಹುಯ್ಯದವರಿಗೆ ಸಭೆಯಲ್ಲಿ ಮಾತಿಲ್ಲ. ಒಲೆ ಹೂಡುವವರನ್ನೂ ದನಗಳನ್ನೂ ಆಚೆ ಇಡುವುದು ಸರದಿಯವರದೇ ಹೊಣೆ.

ಪಟೇಲರು ಪೇಟ ಬಿಚ್ಚಿಟ್ಟು ಚೆಂಬು ಹಿಡಿದರೆ ಗಾಡಿಯವರು ಹೆದರಿ, ಬಾಯಾರಿಲ್ಲ ಬುದ್ಧೀ ಎಂದು ಹೊರಟೇಬಿಡುವರು. "ಕುಡ್ದು ಓಗ್ಲಾ, ನನ್ ಸರ್ದಿ ಕಣ್ಲಾ" ಎಂದು ಪಟೇಲರು ಗಾಡಿಯ ಹಿಂದೆಯೇ ನಡೆಯುವರು. ಮೇಷ್ಟ್ರ ಸರದಿಯಲ್ಲಿ ನೀರಿನ ಜೊತೆಗೆ ಕೆತ್ತನೆಯ ಪಾಠವೂ ಆಗುತ್ತಿತ್ತು. ಅವಸರದವರು ಅವರ ದಿನ ನೋಡಿಕೊಂಡು ಬೇರೆ ದಾರಿ ಹಿಡಿಯುತ್ತಿದ್ದರಂತೆ.

ಅತ್ತೆ ಹೋದ ಮೇಲೆ ಅವರ ಸರದಿ ನನಗೆ ಬಂತು, ಅದರೊಂದಿಗೆ ಸಭೆಯಲ್ಲಿ ಮಾತೂ ಬಂತು. ಏನು ಮಾತಾಡಿದೆನೋ ನೆನಪಿಲ್ಲ. ಅಷ್ಟು ಜನ ಗಂಡಸರು ನನ್ನ ಮಾತು ಮುಗಿಯಲೆಂದು ಕಾದದ್ದು ಮಾತ್ರ ನೆನಪಿದೆ. ಮುಂದೆ ಯಜಮಾನರ ಕೆಲಸ ನಮ್ಮನ್ನು ಮೈಸೂರಿಗೆ ಕರೆದೊಯ್ದಿತು. ಪಟೇಲರು, ಮೇಷ್ಟ್ರು, ಉಳಿದವರು, ಒಬ್ಬೊಬ್ಬರು ಹೋದ ಸುದ್ದಿಯೂ ನನಗೆ ಅಲ್ಲಿಗೇ ಬಂತು.

ಮೊನ್ನೆ ಲೋಟ ಕೆಳಗಿಟ್ಟು, ಮಗನಿಗೆ ಕಾರು ತೆಗೆ ಎಂದೆ. ಮಂಟಪ ಚೆನ್ನಾಗಿಯೇ ಇದೆ. ಒಣಗಿದ ಎಲೆ ಬಿಟ್ಟರೆ ಒಳಗೆ ಏನೂ ಇಲ್ಲ. ಗೇಟು ತಳ್ಳುವಾಗ ರಸ್ತೆಯಾಚೆ ಆಡು ಮೇಯಿಸುತ್ತಿದ್ದ ಹೆಂಗಸು ಕೂಗಿದಳು.

"ಒಳೀಕ್ ಓಗ್ಬ್ಯಾಡಿ ಕಣಮ್ಮ, ಕಮಿಟಿಯೋರು ಬಯ್ತಾರೆ."

"ಯಾರವ್ವ ಅವರು?"

"ನಂಗೇನ್ ಗೊತ್ತು? ನಮ್ಮವ್ವ ಯೋಳ್ತಿದ್ಲು."

ಬರಲಿ, ಬಂದು ಬಯ್ಯಲಿ ಎಂದು ಒಳಗೆ ಹೋಗಿ ಕೂತೆ.