ತಿನ್ನದ ಹಣ್ಣಿನ ಹೆಸರು

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಪ್ರತಿ ಭಾನುವಾರ ಮಧ್ಯಾಹ್ನ ಆಸ್ಟ್ರೇಲಿಯಾದ ವೈನ್ ಸವಿದು, ವಿಡಿಯೊಗಾಗಿ ಮೊಬೈಲ್ ಮುಂದೆ ಕೂತು ವಿಮರ್ಶೆ ಹೇಳುತ್ತಿದ್ದರು. ಗ್ಲಾಸು ತಿರುಗಿಸಿ, ಅದರೊಳಗೆ ಮೂಗು ಇಳಿಸಿ, ಕಣ್ಣು ಮುಚ್ಚುವರು. ಶಿರಾಜ್ ಎಂಬ ಕೆಂಪು ವೈನಿನಲ್ಲಿ ಅವರಿಗೆ ಸಿಗುತ್ತಿದ್ದುದು ನೇರಳೆಹಣ್ಣು, ಕಾಳುಮೆಣಸು, ಹದಮಾಡಿದ ಹೊಗೆಸೊಪ್ಪಿನ ಘಮ. ಬಾಟಲಿಯ ಮೇಲೆ ಯಾವುದೋ ವಿದೇಶಿ ಹಣ್ಣಿನ ಹೆಸರು ಬರೆದಿದೆಯಲ್ಲ ಎಂದರೆ, "ತಿನ್ನದೆ ಇರೋ ಹಣ್ಣಿನ ಹೆಸ್ರು ನಾನು ಹೇಳಾಕಿಲ್ಲ ಕಣ್ರೀ" ಎನ್ನುವರು.

ಒಮ್ಮೆ ಅವರ ಭಾವಮೈದುನ ಸಿಡ್ನಿಯಿಂದ ದುಬಾರಿ ಬಾಟಲಿ ತಂದು, ಹೊಗಳಿಕೆಗಾಗಿ ಕಾದು ಕುಳಿತ. ಇವರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ಬಿರಡೆ ಕೆಟ್ಟು, ವೈನ್ ಒದ್ದೆ ರಟ್ಟಿನಂತೆ ನಾರುತ್ತಿತ್ತು.

"ಅಷ್ಟು ದೂರದಿಂದ ತಂದವ್ನೆ, ಚೆನ್ನಾಗದೆ ಅಂದ್ಬುಡಿ" ಎಂದು ಹೆಂಡತಿ ಪಿಸುಗುಟ್ಟಿದರು. ಭಾವಮೈದುನನ ಮುಖ ಆಗಲೇ ಬಾಡಿತ್ತು.

ಇವರು ಮೊಬೈಲ್ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: "ಬಾಟ್ಲಿ ಕೆಟ್ಟೋಗದೆ. ತಂದೋನು ಚಿನ್ನ."

ಮೊದಲು ನಕ್ಕವನು ಭಾವಮೈದುನನೇ.