ಕಮಲಾಪುರದ ತೋಟದಲ್ಲಿ ಬರೆದ ಚೀಟಿ

ಕೋವಿಡ್ ಕಳೆದ ಎರಡನೆಯ ವರ್ಷ. ಕಲಬುರಗಿಯ ಸೇಡಂ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಅದೇ ಕೋಣೆಯಲ್ಲಿ ಹದಿನಾರು ವರ್ಷ ನನ್ನ ಪಕ್ಕದ ಕುರ್ಚಿ ಗುಂಡೇರಾಯರದು. ಖೂಬಾ ಪ್ಲಾಟಿನ ಮನೆಯಿಂದ ಸೈಕಲ್ ಮೇಲೆ ಬರುವವರು. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ ಇಲ್ಲ.

ನಮ್ಮ ಕೆಲಸದಲ್ಲಿ ಎರಡು ಪಾಲು. ಒಂದು ಕಲೆಕ್ಷನ್, ಅಂದರೆ ವಾರ್ಡಿಗೆ ಹೋಗಿ ರೋಗಿಯ ರಕ್ತ ತೆಗೆಯುವುದು. ಇನ್ನೊಂದು ಸ್ಲೈಡ್ ನೋಡುವುದು: ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ರಕ್ತಕಣಗಳನ್ನು ಎಣಿಸುವುದು. ನಿಯಮದ ಪ್ರಕಾರ ಇಬ್ಬರೂ ಎರಡನ್ನೂ ಸರದಿಯಲ್ಲಿ ಮಾಡಬೇಕು. ಆದರೆ ರಾಯರ ಬಲಗೈ ನಡುಗತೊಡಗಿತ್ತು. ಸೂಜಿ ಹಿಡಿದರೆ ಎದ್ದು ಕಾಣುತ್ತಿತ್ತು. ನನಗೋ ಹತ್ತು ಸ್ಲೈಡ್ ನೋಡುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಒಂದು ಬೆಳಿಗ್ಗೆ ಅವರ ಟ್ರೇ ನಾನು ಎತ್ತಿಕೊಂಡು ವಾರ್ಡಿಗೆ ಹೋದೆ. ವಾಪಸ್ ಬಂದಾಗ ನನ್ನ ಸ್ಲೈಡುಗಳು ಅವರ ಮುಂದಿದ್ದವು. ರಿಜಿಸ್ಟರಿನಲ್ಲಿ ಮಾತ್ರ ಸರದಿಯ ಪ್ರಕಾರ ತಾವೇ ಮಾಡಿದಂತೆ ಅವರವರ ಪಾಲಿಗೆ ಅವರವರೇ ಸಹಿ ಹಾಕಿದೆವು. ಇದರ ಬಗ್ಗೆ ಒಂದು ಮಾತೂ ಆಡದೆ ಮೂರು ವರ್ಷ ಸಾಗಿಸಿದೆವು.

ರಾಯರಿಗೆ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಅವರ ಹೆಂಡತಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಅದೂ ನಮ್ಮ ಆಸ್ಪತ್ರೆಯಲ್ಲೇ. ಸಿಬ್ಬಂದಿಯ ಮನೆಯವರಿಗೆ ಅದು ಪುಕ್ಕಟೆ. ನೌಕರಿ ಇರುವವರೆಗೆ ಮಾತ್ರ.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ನಮ್ಮಲ್ಲಿ ಒಗ್ಗಟ್ಟು ಸಾಲದೆಂದು ಅವರಿಗೆ ಅನಿಸಿತು. ಒಂದು ಭಾನುವಾರ ಎಲ್ಲರೂ ಕಮಲಾಪುರದ ಹತ್ತಿರದ ತೋಟವೊಂದಕ್ಕೆ ಬರಬೇಕು, ಬಾರದಿದ್ದರೆ ರಜೆ ಕಡಿತ ಎಂದು ನೋಟಿಸು ಹಚ್ಚಿದರು. ಬಸ್ಸು ನನ್ನ ತವರು ಮಹಾಗಾಂವದ ಮೇಲೆಯೇ ಹೋಯಿತು. ಅಣ್ಣನ ತೊಗರಿ ಹೊಲ ಕಿಟಕಿಯಲ್ಲಿ ದಾಟಿತು. ಅಲ್ಲೇ ಇಳಿದುಬಿಡಬೇಕು ಅನಿಸಿತ್ತು.

ಒಗ್ಗಟ್ಟು ಕಲಿಸಲು ಮ್ಯಾನೇಜರ್ ಕರೆಸಿದ್ದ ತರಬೇತಿದಾರರು ನಮ್ಮ ಬೆನ್ನುಗಳ ನಡುವೆ ಬಲೂನು ಇಟ್ಟು ಓಡಿಸಿದರು. ವಾರಕ್ಕೆ ಆರು ದಿನ ನೋಡುವ ಮುಖಗಳನ್ನೇ ಏಳನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗುರುತು ಹಿಡಿಯಬೇಕಾಯಿತು. ಊಟವಾದ ಮೇಲೆ ಒಂದೊಂದು ಚೀಟಿ ಕೊಟ್ಟು, ಸಹೋದ್ಯೋಗಿಯೊಬ್ಬರಿಗೆ ಕೃತಜ್ಞತೆ ಬರೆಯಿರಿ ಎಂದರು. ‘ಒಳ್ಳೆಯವರು, ಸಹಾಯ ಮಾಡುತ್ತಾರೆ’ ಎಂದರೆ ನಡೆಯದು, ಏನು ಮಾಡಿದರು ಎಂಬುದನ್ನೇ ಬರೆಯಬೇಕು, ಇಲ್ಲಿಯ ಮಾತು ಇಲ್ಲೇ ಉಳಿಯುತ್ತದೆ ಎಂದೂ ಹೇಳಿದರು.

ಲ್ಯಾಬಿನವರಿಗೆ ಒಂದು ಚಟ. ಕಂಡದ್ದನ್ನು ಕಂಡಂತೆ ಬರೆಯುವುದು, ಏನನ್ನೂ ಬಿಡದೆ. ನಾನು ಹಾಗೆಯೇ ಬರೆದೆ: ‘ರಾಯರ ಕೈ ನಡುಗುವುದರಿಂದ ಅವರ ಪಾಲಿನ ರಕ್ತ ನಾನು ತೆಗೆಯುತ್ತೇನೆ. ನನ್ನ ಪಾಲಿನ ಸ್ಲೈಡುಗಳನ್ನು ಮೂರು ವರ್ಷದಿಂದ ಅವರು ನೋಡುತ್ತಿದ್ದಾರೆ. ಅವರಿಲ್ಲದಿದ್ದರೆ ನಾನು ಎಂದೋ ಕೆಲಸ ಬಿಡುತ್ತಿದ್ದೆ.’

ತರಬೇತಿದಾರರು ಅದನ್ನು ಮೈಕಿನಲ್ಲಿ ಓದಿದರು. ಚಪ್ಪಾಳೆಯೋ ಚಪ್ಪಾಳೆ. ದಿನದ ಅತ್ಯುತ್ತಮ ಚೀಟಿ ಎಂದು ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ರಾಯರ ಕೈಗೆ ಕೊಟ್ಟರು. ಮ್ಯಾನೇಜರೂ ಚಪ್ಪಾಳೆ ತಟ್ಟಿದರು. ಆಮೇಲೆ ಚೀಟಿ ಕೇಳಿ ಪಡೆದು, ಮಡಚಿ ಜೇಬಿನಲ್ಲಿಟ್ಟುಕೊಂಡರು.

ವಾಪಸ್ ಬರುವಾಗ ರಾಯರು ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದರು. ಮಹಾಗಾಂವ ದಾಟಿದ ಮೇಲೆ ಬಾಯಿ ಬಿಟ್ಟರು.

“ಸುಶೀಲಾಬಾಯಿ, ಖರೇನೇ ಬರದೀರಿ. ಕೈ ನಡಗೋದೊಂದು ಬರೀಬಾರದಿತ್ತು.”

ಸೋಮವಾರ ಮ್ಯಾನೇಜರ್ ಮುಂದೆ ನಾನು ವಾದಿಸಿದೆ. ಮೂರು ವರ್ಷದಲ್ಲಿ ಒಂದು ರಿಪೋರ್ಟೂ ತಪ್ಪಿಲ್ಲ, ಸುಳ್ಳು ಸಹಿ ಇಬ್ಬರದೂ ಇದೆ, ಶಿಕ್ಷೆ ಇಬ್ಬರಿಗೂ ಒಂದೇ ಆಗಲಿ ಎಂದೆ. ಅವರು ಕೆಟ್ಟ ಮನುಷ್ಯರೇನಲ್ಲ. ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ನಿಮಗ ಮೆಮೊ ಕೊಟ್ಟು ಬಿಡ್ತೀನ್ರೀ ಮೇಡಂ. ನಡಗೋ ಕೈಯಿಂದ ನಾಳೆ ಏನರೆ ಆದ್ರ, ಗೊತ್ತಿದ್ದೂ ಇಟ್ಟುಕೊಂಡಿದ್ರು ಅಂತಾರ. ಈಗ ನನಗ ಗೊತ್ತಾಗ್ಯದ.”

ತಿಂಗಳೊಳಗೆ ರಾಯರ ನೌಕರಿ ಹೋಗಿ ಕುರ್ಚಿ ಖಾಲಿಯಾಯಿತು. ಅವರ ಹೆಂಡತಿಯ ಡಯಾಲಿಸಿಸ್ ಬೇರೆ ಕಡೆ, ಸರದಿ ಸಿಕ್ಕಾಗ. ಒಮ್ಮೆ ಖೂಬಾ ಪ್ಲಾಟಿಗೆ ಹೋಗಿ ಕ್ಷಮೆ ಕೇಳಿದೆ. ರಾಯರು ಮಾತಾಡಲಿಲ್ಲ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ನಾನು ಮತ್ತೆ ಹೋಗಲಿಲ್ಲ.

ಮರುವರ್ಷ ಅದೇ ತೋಟ, ಅದೇ ಬಲೂನು, ಅದೇ ಚೀಟಿ. ನನ್ನ ಪಕ್ಕದಲ್ಲಿ ಹೊಸ ಟೆಕ್ನಿಷಿಯನ್ ಹುಡುಗಿ. ತಲೆನೋವಿನ ದಿನಗಳಲ್ಲಿ ನಾನು ಕೇಳದೆಯೇ ನನ್ನ ಸ್ಲೈಡು ನೋಡಿಕೊಡುತ್ತಿದ್ದವಳು. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಕಂಡದ್ದನ್ನು ಕಂಡಂತೆ ಬರೆಯುವುದು ಸ್ಲೈಡಿಗೆ ಮಾತ್ರ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ. ‘ಒಳ್ಳೆಯವಳು, ಸಹಾಯ ಮಾಡುತ್ತಾಳೆ’ ಎಂದು ಬರೆದು ಚೀಟಿ ಮಡಚಿ ಕೊಟ್ಟೆ. ಅವಳ ಮುಖ ಸಣ್ಣದಾಯಿತು.